ನೀಲಿ ಮುಚ್ಚಳದ ಬಾಟಲಿ

"ಒತ್ತೇ ಮುಂಡೆ. ಹೆಬ್ಬೆಟ್ಟು ಒತ್ತು ಅಂದ್ರೆ ಏನ್ ಬರ್ದಿದೆ ಅಂತ ಕೇಳ್ತಾಳೆ, ದೊಡ್ಡ ವಕೀಲಿ."

ಆಸ್ಪತ್ರೆಯ ಮೇಲಧಿಕಾರಿ ಹಾಳೆಯನ್ನು ಆಯಾಳ ಕಡೆಗೆ ತಳ್ಳಿದ. ಹದಿನಾಲ್ಕು ವರ್ಷ ಆ ಕೋಣೆಯ ನೆಲ ಒರೆಸಿದವಳು ಈಗಲೂ ನಿಂತೇ ಇದ್ದಳು. ನಿನ್ನೆ ಹಮಾಲಿ ಸತ್ತಾಗ ನೀನು ವಾರ್ಡಿನಲ್ಲಿದ್ದೆ ಅಂತ ಬರೆದಿದೆ, ಅಷ್ಟೇ, ಎಂದು ಗುಮಾಸ್ತ ಸಮಾಧಾನ ಹೇಳಿದ. ಆಯಾ ಬಗ್ಗಿ ಹಾಳೆ ನೋಡಿದಳು. ಓದಲು ಬರುತ್ತಿರಲಿಲ್ಲ. ಆದರೂ ಅಷ್ಟು ಮಾತಿಗೆ ಅಷ್ಟುದ್ದದ ಬರಹ ಬೇಕಿಲ್ಲವೆಂಬುದು ತಿಳಿಯಿತು.

ಮೂಟೆ ಹೊರುವ ಆ ಹಮಾಲಿ ವಾಂತಿಭೇದಿಯೆಂದು ಆಸ್ಪತ್ರೆ ಸೇರಿದವನು. ಎರಡೇ ದಿನಕ್ಕೆ ಚೇತರಿಸಿಕೊಂಡು, ಮೂಲೆ ಗುಡಿಸೋದು ಬಿಟ್ಟೆಯಲ್ಲಕ್ಕಾ ಎಂದು ಆಯಾಳನ್ನು ಛೇಡಿಸುವಷ್ಟು ಗೆಲುವಾಗಿದ್ದ. ನಿನ್ನೆ ಬೆಳಿಗ್ಗೆ ಎರಡು ವಾರ್ಡಿಗೆ ಒಬ್ಬಳೇ ನರ್ಸು, ಅರವತ್ತಮೂರು ರೋಗಿಗಳು. ಪಕ್ಕದ ವಾರ್ಡಿನಲ್ಲಿ ಮುದುಕನೊಬ್ಬನ ಉಸಿರು ನಿಂತಿತ್ತು. ಅವನ ಎದೆ ಒತ್ತುತ್ತಲೇ ನರ್ಸು ಕೂಗಿ ಹೇಳಿದಳು: ಹಮಾಲಿಯ ಡ್ರಿಪ್ ಮುಗಿದಿದೆ, ನೀಲಿ ಮುಚ್ಚಳದ್ದು ಏರಿಸು. ಆಯಾ ಏರಿಸಿದಳು. ವರ್ಷದಿಂದ ಹೀಗೇ ಏರಿಸುತ್ತಿದ್ದಳು. ಮೇಲಧಿಕಾರಿ ಕಣ್ಣಾರೆ ಕಂಡೂ ಕಾಣದವನಂತೆ ಓಡಾಡಿಕೊಂಡಿದ್ದ.

ಉಗ್ರಾಣದ ಸೂರು ಸೋರುತ್ತದೆಂದು ಗಾಯ ತೊಳೆಯುವ ನೀರಿನ ಬಾಟಲಿಗಳನ್ನು ಡ್ರಿಪ್ ಬಾಟಲಿಗಳ ಕಪಾಟಿಗೇ ತಂದು ತುಂಬಿದ್ದರು. ಅವಕ್ಕೂ ನೀಲಿ ಮುಚ್ಚಳ. ಬೇರೆ ಕಡೆ ಇಡಿಸಿ ಎಂದು ನರ್ಸು ಎರಡು ಸಲ ಬರೆದುಕೊಟ್ಟಿದ್ದಳು. ಯಾರೂ ಓದಿರಲಿಲ್ಲ. ಹಮಾಲಿಯ ರಕ್ತಕ್ಕೆ ಗಾಯ ತೊಳೆಯುವ ಉಪ್ಪಿಲ್ಲದ ನೀರು ಹೋಗಿ ರಕ್ತಕಣಗಳನ್ನು ಒಡೆಯಿತು. ಮೊದಲು ನಡುಕ ಹತ್ತಿತು, ಮೂತ್ರ ಕೆಂಪಾಯಿತು. ಸಂಜೆಯೊಳಗೆ ಮುಗಿದುಹೋದ.

ಗೋಡೆಗೆ ಆತು ನಿಂತಿದ್ದ ನರ್ಸಿನ ಕೈಗೆ ಆಯಾ ಹಾಳೆ ಕೊಟ್ಟು, ನೀವು ಓದಿ ಎಂದಳು. ನರ್ಸು ಮೇಲಧಿಕಾರಿಯನ್ನೊಮ್ಮೆ ನೋಡಿದಳು. ಆಮೇಲೆ ಒಂದೇ ಉಸಿರಿಗೆ ಓದಿದಳು. ಯಾರೂ ಹೇಳದೆ, ಆಯಾ ತನ್ನ ಇಷ್ಟದಂತೆ ಬಾಟಲಿ ಬದಲಿಸಿದಳಂತೆ. ಕಪಾಟಿನಲ್ಲಿ ಎಲ್ಲವೂ ಸರಿಯಾಗಿತ್ತಂತೆ.

ಆಯಾ ಬಲಗೈ ಚಾಚಿದಳು. "ಏರ್ಸಿದ್ದು ಈ ಕೈಯೇ ಸಾಹೇಬ್ರೇ, ಇಲ್ಲ ಅನ್ನಲ್ಲ. ಓದಕ್ಕೆ ಬರಲ್ಲ ಅಂತ ಗೊತ್ತಿದ್ದೂ ಈ ಕೈಗೆ ಬಾಟ್ಲಿ ಕೊಟ್ಟೋರು ಯಾರು, ಅದನ್ನೂ ಬರೀರಿ. ಆಗ ಒತ್ತುತೀನಿ."

"ಕಕ್ಕಸು ತೊಳೆಯೋ ಬೇವರ್ಸಿಗೆ ನಾಲಿಗೆ ನೋಡು," ಎಂದ ಮೇಲಧಿಕಾರಿ.

ಗುಮಾಸ್ತ ಅವಳ ಹೆಬ್ಬೆರಳು ಹಿಡಿದೆಳೆದ. ಆಯಾ ಕೊಸರಿಕೊಂಡು ಹೊರಗೆ ಬಂದಳು.

ಮೊಗಸಾಲೆಯ ಬೆಂಚಿನ ಮೇಲೆ ಹಮಾಲಿಯ ಹೆಂಡತಿ ಹೆಣಕ್ಕೆ ಕಾಯುತ್ತಿದ್ದಳು. ಗಂಡನ ಎದೆ ಮೊದಲೇ ದುರ್ಬಲವಾಗಿತ್ತೆಂದು ಅವಳಿಗೆ ಹೇಳಿದ್ದರು. ಮೂಟೆ ಹೊತ್ತ ಎದೆ ಯಾವಾಗ ದುರ್ಬಲವಾಯಿತೆಂದು ಕೇಳಲು ಅವಳಿಗೆ ಬಾಯಿ ಬಂದಿರಲಿಲ್ಲ. ಆಯಾ ಅವಳ ಮುಂದೆ ನೆಲಕ್ಕೆ ಕೂತು, ತನ್ನ ಕೈಯೇ ಏರಿಸಿದ್ದನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು.

ಹೆಂಡತಿ ಕೆನ್ನೆಗೆ ಬಾರಿಸಿದಳು. ಇನ್ನೊಂದು ಬಾರಿಸಿದಳು. ಆಯಾ ಕೈ ಅಡ್ಡ ತರಲಿಲ್ಲ.

"ಈಗ್ ಯಾಕೆ ಹೇಳ್ದೆ ನಂಗೆ?"

"ಕಪಾಟು ಇನ್ನೂ ಹಾಗೇ ಇದೆ ತಂಗಿ. ಇವತ್ತೂ ಯಾರಿಗೋ ಏರಿಸ್ತಾರೆ."

ಹೆಂಡತಿ ಸೆರಗು ಬಿಗಿದು ಎದ್ದಳು. ಆಮೇಲೆ ಆಯಾಳ ರಟ್ಟೆ ಹಿಡಿದು ಎಬ್ಬಿಸಿ, ತೋರಿಸು ಎಂದಳು.

ಕಪಾಟು ತೆರೆದರೆ ಸಾಲು ಸಾಲು ನೀಲಿ ಮುಚ್ಚಳ. ಹೆಂಡತಿಗೂ ಅಕ್ಷರ ಬಾರದು. ಎರಡು ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು, ಎರಡರಲ್ಲೂ ತಿಳಿನೀರು. ಅಷ್ಟರಲ್ಲಿ ನರ್ಸು ಬಂದು ಚೀಟಿ ಓದಿ, ಡ್ರಿಪ್ಪಿನದನ್ನು ಅವಳ ಕೈಯಿಂದ ತೆಗೆದು ಒಳಗಿಟ್ಟಳು. ಇನ್ನೊಂದನ್ನು ತೋರಿಸಿ, "ಇದು ಹೊರಗೆ," ಎಂದಳು. ನರ್ಸು ಓದಿ ಓದಿ ಕೊಟ್ಟಳು, ಇಬ್ಬರೂ ಮಡಿಲು ತುಂಬಿ ಮೇಲಧಿಕಾರಿಯ ಬಾಗಿಲಿಗೆ ಹೊತ್ತರು. ನಡೆಯಬಲ್ಲ ರೋಗಿಗಳೂ ಹಾಸಿಗೆ ಬಿಟ್ಟು ಕೈ ಹಾಕಿದರು.

ಸದ್ದಿಗೆ ಮೇಲಧಿಕಾರಿ ಬಾಗಿಲು ತೆರೆದಾಗ ಹೊಸ್ತಿಲ ಮುಂದೆ ಕಾಲಿಡಲು ಜಾಗವಿರಲಿಲ್ಲ. ಪೊಲೀಸರನ್ನು ಕರೆಸುತ್ತೇನೆ ಎಂದು ಅರಚಿದ.

"ಕರೆಸಿ. ಅವ್ರಿಗೂ ತೋರಿಸ್ಬೇಕು," ಎನ್ನುತ್ತ ಆಯಾ ಕೈಲಿದ್ದ ಬಾಟಲಿಯನ್ನು ಅವನ ಬೂಟಿಗೆ ತಾಗುವಂತೆ ಇಟ್ಟು, ಇನ್ನೊಂದು ಮಡಿಲು ತರಲು ವಾರ್ಡಿನ ಕಡೆ ತಿರುಗಿದಳು.