ಗುರುಬಾಯಿ ಹೆಸರಿನ ಖಾರ

ಗದಿಗೆಮ್ಮ ಮೂರನೆಯ ಸಲ ಸಾಬೂನು ಹಚ್ಚಿ ಕೈ ತೊಳೆದಳು. ಅಂಗೈಯ ಕೆಂಪು ಹೋಗಲಿಲ್ಲ.

"ಹನ್ನೆರಡು ವರ್ಷ ಆತ್ರಿ ಅಕ್ಕಾ, ಇಲ್ಲಿ ಖಾರ ತುಂಬಾಕತ್ತಿ. ಎಂದೂ ಹಿಂಗ ಆಗಿದ್ದಿಲ್ಲ," ಎಂದು ಒಡತಿ ಸಪ್ನಾಳ ಮುಂದೆ ಎರಡೂ ಕೈ ಚಾಚಿದಳು. ಸಪ್ನಾ ಆ ಅಂಗೈಯನ್ನು ಬೆರಳಿನಿಂದ ತಿಕ್ಕಿ ನೋಡಿದಳು.

ಕುಷಾಯಿಗೂಡದ ಆ ಮಸಾಲೆ ಕಾರ್ಖಾನೆ ಕಟ್ಟಿದವಳು ಸಪ್ನಾಳ ಅತ್ತೆ ಗುರುಬಾಯಿ. ರಾಯಚೂರಿನಿಂದ ಗಂಡನ ಜೊತೆ ಈ ತೆಲುಗು ನಗರಕ್ಕೆ ಬಂದವಳು ಬಾಡಿಗೆ ಮನೆಯ ಅಂಗಳದಲ್ಲಿ ಖಾರದ ಪುಡಿ ಕುಟ್ಟಿ, ಸುತ್ತಲಿನ ನೌಕರರ ಮನೆಮನೆಗೆ ಹೊತ್ತು ಮಾರಿದ್ದಳು. ಮಗ ಅಮರೇಶಪ್ಪ ಗಿರಣಿ ಹಾಕಿ, ಪಾಕೀಟಿನ ಮೇಲೆ ತಾಯಿಯ ಹೆಸರು ಅಚ್ಚು ಹಾಕಿಸಿದ. ಮಾಧಾಪುರದಲ್ಲಿ ಗಾಜಿನ ಕಟ್ಟಡಗಳು ಏಳತೊಡಗಿದ ಮೇಲೆ, ಅಲ್ಲಿನ ಸಾಫ್ಟ್‌ವೇರ್ ಕಂಪನಿಗಳಿಗೆ ಊಟ ಒದಗಿಸುವ ಜಯತೀರ್ಥ ಅವನ ದೊಡ್ಡ ಗಿರಾಕಿಯಾದ. ಸಾಂಬಾರು ಇನ್ನೂ ಕೆಂಪಗೆ ಕಾಣಬೇಕು, ಇಲ್ಲದಿದ್ದರೆ ಬೇರೆಯವರಿದ್ದಾರೆ ಎಂದು ಈ ಸಲ ಆತ ಖಡಾಖಂಡಿತವಾಗಿ ಹೇಳಿದ್ದ.

ಗುರುಬಾಯಿ ಈಗಲೂ ದಿನಾ ಬೆಳಿಗ್ಗೆ ಬಂದು ಚಿಟಿಕೆ ಪುಡಿ ನಾಲಿಗೆಗೆ ಹಚ್ಚಿ ನೋಡುತ್ತಿದ್ದಳು. ಬೆರೆತ ಬಣ್ಣಕ್ಕೆ ರುಚಿಯಿರಲಿಲ್ಲ. ಅವಳಿಗೆ ಗೊತ್ತಾಗಲಿಲ್ಲ.

ಸಪ್ನಾ ಗಂಡನ ಕೋಣೆಗೆ ಹೋಗಿ ಬಾಗಿಲು ಹಾಕಿದಳು.

"ಖಾರದಾಗ ಏನ್ ಬೆರೆಸೀರಿ?"

ಅಮರೇಶಪ್ಪ ಬೆವರು ಒರೆಸಿಕೊಂಡ. "ಬಣ್ಣ. ಚೂರ ಅಷ್ಟ. ಬಜಾರದಾಗ ಎಲ್ಲಾರೂ ಹಾಕ್ತಾರ. ಈ ಆರ್ಡರ್ ಹೋದ್ರ ಅರ್ಧ ಹೆಣ್ಮಕ್ಕಳನ್ನ ಕೆಲಸದಿಂದ ತೆಗೀಬೇಕಾಗತೈತಿ. ನಾಳಿಂದ ಬರಬ್ಯಾಡಂತ ಗದಿಗೆಮ್ಮಗ ನೀ ಹೇಳ್ತೀಯೇನು?"

ಗದಿಗೆಮ್ಮನ ದುಡಿಮೆಯಲ್ಲೇ ಅವಳ ಮನೆ ನಡೆಯುತ್ತಿತ್ತು. ಆದರೂ ಸಪ್ನಾ ಕೇಳಿದಳು, "ಹಂಗಾದ್ರ ಮೊನ್ನೆ ನಮ್ಮ ಮನಿಗೆ ಬ್ಯಾರೆ ಖಾರದ ಡಬ್ಬಿ ಯಾಕ ತಂದ್ರಿ?"

ಅಮರೇಶಪ್ಪ ಥಟ್ಟನೆ ಎದ್ದ. ಗಡಿಯಾರ ನೋಡಿದ. ಹತ್ತೂವರೆ. ಖಾರದ ಚೀಲಗಳು ಬೆಳಿಗ್ಗೆಯೇ ಜಯತೀರ್ಥನ ಅಡುಗೆಮನೆಗೆ ಹೋಗಿದ್ದವು. ಜಯತೀರ್ಥನಿಗೆ ಫೋನ್ ಮಾಡಿದ, ಯಾರೂ ಎತ್ತಲಿಲ್ಲ.

"ಗಿರಣಿ ನಿಂದರಸು," ಎಂದವನೇ ವ್ಯಾನು ಹತ್ತಿದ.

ಬೇಗಂಪೇಟೆಯಲ್ಲಿ ವಾಹನಗಳು ಜಗ್ಗಲಿಲ್ಲ. ಅವನು ಮತ್ತೆ ಮತ್ತೆ ಹಾರನ್ ಒತ್ತಿದ. ಹನ್ನೆರಡು ಹೊಡೆಯಿತು. ಈಗ ಬಡಿಸುತ್ತಿರಬಹುದು, ಯಾರೋ ಮೊದಲ ತುತ್ತು ಎತ್ತುತ್ತಿರಬಹುದು ಎಂದುಕೊಂಡ.

ಮಾಧಾಪುರದ ಆ ಅಡುಗೆಮನೆಗೆ ನುಗ್ಗಿದಾಗ ದೊಡ್ಡ ಪಾತ್ರೆಯಲ್ಲಿ ಸಾಂಬಾರು ಕುದಿಯುತ್ತಿತ್ತು. ಇನ್ನೂ ಬಡಿಸಿರಲಿಲ್ಲ. "ಅದನ್ನ ಬಡಿಸಬ್ಯಾಡ್ರಿ!" ಎಂದು ಕೂಗಿದ.

ಜಯತೀರ್ಥ ಅವನನ್ನು ಮೂಲೆಗೆಳೆದು ವಿಷಯ ಕೇಳಿದ. ಅಮರೇಶಪ್ಪ ಹೇಳಿದ ಕೂಡಲೆ ಜಯತೀರ್ಥ ಸಿಡುಕಿದ. "ನಾ ಬಣ್ಣ ಹಾಕ್ರಿ ಅಂತ ಹೇಳಿದ್ನೇನ್ರಿ? ಆತು, ಖಾರ ಬೂಷ್ಟು ಹಿಡಿದೈತಿ ಅಂತ ಹೇಳಿ ಒಯ್ಯಿರಿ. ನಿಮ್ಮ ತಾಯಿ ಹೆಸರೂ ಉಳೀತದ, ನನ್ನದೂ ಉಳೀತದ."

ಅಮರೇಶಪ್ಪ ಒಲೆಯತ್ತ ತಿರುಗಿದ. ಅಡುಗೆಯವರೆಲ್ಲ ಅವನನ್ನೇ ನೋಡುತ್ತಿದ್ದರು.

"ಬೂಷ್ಟು ಅಲ್ಲ," ಎಂದ, ಎಲ್ಲರಿಗೂ ಕೇಳುವಂತೆ. "ತಿನ್ನಬಾರದ ಬಣ್ಣ ಬೆರೆಸೀನಿ. ನಾನ ಬೆರೆಸೀನಿ."

ಮುಖ್ಯ ಅಡುಗೆಯವ ಒಲೆ ಆರಿಸಿದ. "ಇನ್ಮ್ಯಾಲೆ ಇತ್ತ ಬರಬ್ಯಾಡ್ರಿ," ಎಂದು ಜಯತೀರ್ಥ ಮುಖ ತಿರುಗಿಸಿದ.

ಅಮರೇಶಪ್ಪ ಚೀಲಗಳನ್ನು ಒಂದೊಂದಾಗಿ ಬೆನ್ನ ಮೇಲೆ ಹೊತ್ತು ಹೊರಗೆ ಸಾಗಿಸಿದ. ಊಟದ ಸಾಲಿನಲ್ಲಿ ನಿಂತಿದ್ದ, ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಹುಡುಗಿಯೊಬ್ಬಳು, ಇವತ್ತು ಸಾಂಬಾರು ಇಲ್ಲವೇ ಎಂದು ತೆಲುಗಿನಲ್ಲಿ ಕೇಳಿದಳು.

ಅವನು ಚೀಲ ಕೆಳಗಿಳಿಸಿ ನೆಟ್ಟಗೆ ನಿಂತ.

"ಲೇದಮ್ಮಾ," ಎಂದ. ತನ್ನ ಎದೆ ಮುಟ್ಟಿಕೊಂಡ. "ತಪ್ಪು ನಾದಿ."