ಒಳಕೋಣೆಯ ‘ಬಂತು’

ಅಜ್ಜಿ ನನಗಿಟ್ಟ ಹೆಸರು ಪುಸ್ತಕ. ನಾನು ಹೊಸಿಲು ದಾಟುವುದೇ ತಡ, “ಪುಸ್ತಕ ಬಂದ್ಲು, ಚಾಪೆ ಹಾಕೇ” ಎಂದು ಸೊಸೆಗೆ ಕೂಗುತ್ತಿದ್ದರು. ಚಕ್ರವಿಲ್ಲದೆ ಬರಿಗೈಯಲ್ಲಿ ಮಡಕೆ ಕಟ್ಟುವವರಲ್ಲಿ ಊರಿಗೆ ಉಳಿದಿದ್ದವರು ಅವರೊಬ್ಬರೇ. ಅವರಿಂದ ಕಲಿತು, ಕಲಿತದ್ದನ್ನು ಬರೆದಿಡಲು ಕರಕುಶಲ ಕೇಂದ್ರ ನನ್ನನ್ನು ಕಳಿಸಿತ್ತು. ಮುಂದೆ ಅಲ್ಲಿ ಒಂದು ತರಗತಿ ಶುರುವಾಗುವುದಿತ್ತು.

ಬರೆದುಕೊಂಡೆ. ಮಣ್ಣಿಗೆ ಎಷ್ಟು ಮರಳು, ಹೊಸೆದ ಮಣ್ಣಿನ ಹುರಿ ಎಷ್ಟು ದಪ್ಪ, ಅದನ್ನು ಸುತ್ತಿ ಸುತ್ತಿ ಏರಿಸಿದ ಮೇಲೆ ಎಷ್ಟು ಹೊತ್ತು ನೆರಳು. ಕೊನೆಯದು ಬಡಿಯುವ ಕೆಲಸ. ಅಜ್ಜಿ ಎಡಗೈಯ ಗುಂಡುಕಲ್ಲನ್ನು ಮಡಕೆಯ ಒಳಗೆ ಒತ್ತಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಬಡಿಯುತ್ತ ಮಡಕೆಯ ಸುತ್ತ ತಾವೇ ಸುತ್ತುತ್ತಿದ್ದರು. ಎಲ್ಲಾದರೂ ಒಂದು ಕಡೆ ದಪ್ಪ ಉಳಿದರೆ, ಮಡಕೆ ಸುಡುವ ಆವಿಗೆಯ ಬೆಂಕಿಯಲ್ಲಿ ಮಡಕೆ ಸೀಳುತ್ತದೆ.

“ಸಾಕು ಅಂತ ಹೇಗೆ ಗೊತ್ತಾಗುತ್ತೆ ಅಜ್ಜಿ?”

ಅಜ್ಜಿ ನನ್ನ ತುಟಿಯನ್ನೇ ನೋಡಿದರು. ನಾನು ಮಾತಾಡುವಾಗಲೆಲ್ಲ ಹಾಗೆಯೇ ನೋಡುತ್ತಿದ್ದರು. ಎಂಥ ಶ್ರದ್ಧೆ ಎಂದುಕೊಳ್ಳುತ್ತಿದ್ದೆ.

“ಸದ್ದು ಹೇಳುತ್ತೆ. ಸುತ್ತಲೂ ಒಂದೇ ಸದ್ದು ಬಂದ್ರೆ ಆಯ್ತು. ಬರ್ಕೊ, ಬರ್ಕೊ. ಇಲ್ಲದಿದ್ರೆ ನಿನಗೆ ಉಂಡ ಅನ್ನ ಜೀರ್ಣ ಆಗಲ್ಲ.”

ಬಡಿಯುವ ನಡುವೆ ಒಮ್ಮೊಮ್ಮೆ ಕೈ ತಡೆದು ಒಳಕೋಣೆಯ ಕಡೆ ತಿರುಗುತ್ತಿದ್ದರು. “ಬಂತೇನೇ?” ಅಲ್ಲಿ ಮಣ್ಣು ತುಳಿಯುತ್ತಿದ್ದ ಸೊಸೆ ಬಾಗಿಲಿಗೆ ಬಂದು ಮುಖ ತೋರಿಸಿ, “ಇನ್ನೂ ಇಲ್ಲ ಅತ್ತೆ” ಅನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು, “ಬಂತು.” ನಲ್ಲಿ ನೀರಿನ ಮಾತು ಎಂದುಕೊಂಡೆ. ಧ್ವನಿಮುದ್ರಣದಿಂದ ಇಂಥ ಮನೆಮಾತುಗಳನ್ನೆಲ್ಲ ಕತ್ತರಿಸಿ ಶುಚಿ ಮಾಡಿಸಿದೆ.

ಒಂದು ದಿನ ಸೊಸೆಯನ್ನು ಕೇಳಿದ್ದೆ. “ನಿಮಗೂ ಮಡಕೆ ಕಟ್ಟೋಕೆ ಬರುತ್ತಾ?”

“ನಾನೆಲ್ಲಿ ಮೇಡಂ. ಮಣ್ಣು ತುಳೀತೀನಿ ಅಷ್ಟೆ. ಹಲಗೆ ಮುಟ್ಟಿದ್ರೆ ಅತ್ತೆ ನನ್ನನ್ನೇ ಆವಿಗೆಗೆ ಇಡ್ತಾರೆ.”

ಇಬ್ಬರೂ ನಕ್ಕೆವು. ವರದಿಯಲ್ಲಿ ಬರೆದೆ: ‘ಈ ಮನೆಯಲ್ಲಿ ವಿದ್ಯೆಯನ್ನು ಮುಂದುವರಿಸುವವರು ಯಾರೂ ಇಲ್ಲ.’ ಆ ವಾಕ್ಯವನ್ನು ಎರಡು ಸಲ ಓದಿದೆ. ತರಗತಿಯ ಶಿಕ್ಷಕಿ ಯಾರಾಗಬೇಕು ಎಂಬುದು ಅದರ ಮೇಲೇ ನಿಂತಿದೆ ಎಂದು ನನಗೆ ಗೊತ್ತಿತ್ತು. ಹೊಡೆದುಹಾಕಲಿಲ್ಲ.

ಅಜ್ಜಿ ತೀರಿಕೊಂಡರು. ಶಿಕ್ಷಕಿ ನಾನಾದೆ. ನನ್ನ ಮೊದಲ ಆವಿಗೆಯಲ್ಲಿ ಒಂದು ಮಡಕೆಯೂ ಉಳಿಯಲಿಲ್ಲ. ಎರಡನೆಯದರಲ್ಲೂ ಅಷ್ಟೆ. ಕೇಂದ್ರದ ಮೇಲಧಿಕಾರಿ ಚೂರೊಂದನ್ನು ಬೆರಳಲ್ಲಿ ತಿರುಗಿಸಿ ನೋಡಿದರು. “ಇನ್ನೊಂದು ಸಲ ನೋಡೋಣ. ಅದೂ ಹೀಗೇ ಆದ್ರೆ ತರಗತಿ ಮುಚ್ಚೋದೇ.”

ಹಳೆಯ ಧ್ವನಿಮುದ್ರಣ ತೆಗೆದು ಕೂತೆ. ಬಡಿತವೆಲ್ಲ ನನ್ನ ಕಿವಿಗೆ ಒಂದೇ. ಕತ್ತರಿಸುವಾಗ ತಪ್ಪಿ ಉಳಿದಿದ್ದ ಒಂದು ತುಣುಕು ಸಿಕ್ಕಿತು. “ಬಂತೇನೇ?” ಎರಡು ಏಟು. “ಬಂತು ಅತ್ತೆ.” ಅಲ್ಲಿಗೆ ಹಲಗೆ ನಿಂತಿತು. ನೀರಿನ ಸದ್ದು ಎಲ್ಲೂ ಇರಲಿಲ್ಲ.

ಹಸಿ ಮಡಕೆಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕಲ್ಲು, ಹಲಗೆಗಳನ್ನು ಚೀಲಕ್ಕೆ ಹಾಕಿಕೊಂಡು ಹೋದೆ. ಸೊಸೆ ಈಗ ಒಂದು ಇಸ್ತ್ರಿ ಅಂಗಡಿಯಲ್ಲಿದ್ದಳು. ಕಾಲಿಗೆ ಮಣ್ಣಿರಲಿಲ್ಲ.

“ಅತ್ತೆಗೆ ಕಿವಿ ಹೋಗಿ ಹತ್ತು ವರ್ಷ ಆಗಿತ್ತು ಮೇಡಂ,” ಅಂಗಿಯ ಕಾಲರು ಎಳೆದು ಸರಿಮಾಡುತ್ತ ಹೇಳಿದಳು. “ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸಿದ್ರು. ನೀವು ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಅಲ್ಲೇ ಕೂತಿರ್ತಿದ್ರಿ. ಇವತ್ತು ಸಿಕ್ಕಿಬೀಳ್ತೀವಿ, ನಾಳೆ ಸಿಕ್ಕಿಬೀಳ್ತೀವಿ ಅಂತ ನನಗೆ ಒಂದೇ ದಿಗಿಲು.”

“ನೀವು ಕೇಂದ್ರಕ್ಕೆ ಬರಬೇಕು.”

“ಬಂದಿದ್ದೆನಲ್ಲ. ಅತ್ತೆ ಹೋದ ತಿಂಗಳಿಗೆ. ಒಳಗಿದ್ದ ಸಾಹೇಬ್ರು ನೀವು ಬರೆದಿದ್ದನ್ನ ಓದಿ ಹೇಳಿದ್ರು. ಈ ಮನೇಲಿ ಯಾರೂ ಇಲ್ಲ ಅಂತ.” ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. “ಚೆನ್ನಾಗಿ ಬರೀತೀರಿ.”

“ಅದನ್ನ ತಿದ್ದಿಸ್ತೀನಿ.”

“ಕಲಿಸೋ ಕೆಲಸ ನನಗೆ ಬಿಟ್ಕೊಡ್ತೀರಾ?”

ನಾನು ಮಾತು ಹುಡುಕಿದೆ. ಯಾವ ಮಾತಿಗೆ ಯಾವ ಅರ್ಥ ಎಂದು ತೂಗಿ ನೋಡುವುದು ನನ್ನ ಅಭ್ಯಾಸ.

“ಸಹಾಯಕಿ ಅಂತ ತಗೋಬಹುದು. ನಾನು ಮುಂದೆ ಬಡಿದು ತೋರಿಸ್ತೀನಿ, ನೀವು ಪಕ್ಕದಲ್ಲಿ...”

“ಪಕ್ಕದಲ್ಲಿ ಕೋಣೆ ಇದೆಯಾ ಮೇಡಂ, ಬಾಗಿಲು ಇರೋ ಅಂಥದ್ದು?”

ನನಗೆ ಆ ಕೆಲಸ ಬೇಕಿತ್ತು. ಚೀಲ ಬಿಚ್ಚಿ ಮಡಕೆಯನ್ನು ಬಟ್ಟೆಗಳ ಮೇಜಿನ ತುದಿಯಲ್ಲಿಟ್ಟೆ. ಒಳಗೆ ಕಲ್ಲು ಒತ್ತಿ ಹಿಡಿದು ಹಲಗೆಯಿಂದ ಬಡಿದೆ. ಒಂದು. ಎರಡು. ಮೂರು. ಸರಿಯಾದ ಸದ್ದನ್ನು ಒಂದು ಸಲ ಕೇಳಿದರೆ ಸಾಕು, ಆಮೇಲೆ ನಾನೇ ಹಿಡಿದುಕೊಳ್ಳುತ್ತೇನೆ ಎಂಬ ಆಸೆ.

“ಬಂತಾ?” ಎಂದೆ.

ಆಕೆ ಮುಂದಿನ ಅಂಗಿಯ ಮೇಲೆ ನೀರು ಚಿಮುಕಿಸಿದಳು. ತಲೆ ಎತ್ತಲಿಲ್ಲ.

“ಬಂತು.”

ಅದು ಮುದ್ರಣದಲ್ಲಿದ್ದ ದನಿಯೇ. ಒಂದೇ ಕಡೆ ಬಿದ್ದ ಮೂರು ಏಟಿಗೆ ಸುತ್ತಲೂ ಒಂದೇ ಸದ್ದು ಬರುವುದಿಲ್ಲ ಎಂದು ತಿಳಿಯುವಷ್ಟು ನಾನೂ ಕಲಿತಿದ್ದೆ. ಹಲಗೆಯನ್ನು ಚೀಲಕ್ಕೆ ಹಾಕಿದೆ.

“ಬರ್ಕೊಳ್ಳಿ ಮೇಡಂ,” ಎಂದಳು ಸೊಸೆ. “ಬಂತು ಅಂತ ಬರ್ಕೊಳ್ಳಿ.”