ಹಸಿರು ತಂತಿ ಉಳಿದಿದೆ

೧
ಪೆಟ್ಟಿಗೆಯಿಂದ ಶುರು ಮಾಡಲೋ, ಸತ್ತವನಿಂದಲೋ? ಸತ್ತವನಿಂದ ಮಾಡಿದರೆ ನೀವು ಕನಿಕರಪಡುತ್ತೀರಿ. ಪೆಟ್ಟಿಗೆಯೇ ಇರಲಿ.

ಹಳೇ ಕಂಪ್ಯೂಟರಿನ ಪವರ್ ಸಪ್ಲೈ. ನನ್ನ ಗಂಡ ಯಾರುಬ್ ಇರಾಕಿನ ಮೋಸುಲ್‌ನ ನಮ್ಮ ಮನೆಯಲ್ಲೇ ರೇಡಿಯೋ ರಿಪೇರಿ ಮಾಡುತ್ತಿದ್ದ. ರಿಪೇರಿ ಮೇಜಿಗೆ ಕರೆಂಟು ಕೊಡುವಂತೆ ಅದನ್ನು ಮಾರ್ಪಡಿಸಲು ಹೊರಟಿದ್ದ. ತಂತಿ ಕತ್ತರಿಸಿದ, ಬಣ್ಣದ ಪ್ರಕಾರ ಬೇರ್ಪಡಿಸಿದ, ಸತ್ತ.

(ನೋಡಿ, ಬಂದೇಬಿಟ್ಟ.)

೨
‘ಅವಳು ಕಣ್ಣೀರು ಒರೆಸಿಕೊಂಡು ಸೋಲ್ಡರಿಂಗ್ ಐರನ್ ಎತ್ತಿಕೊಂಡಳು.’

ಈ ವಾಕ್ಯ ಬರೆದು ಹೊಡೆದುಹಾಕಿದೆ. ಕಣ್ಣೀರು ಬಂದಿರಲಿಲ್ಲ. ನಾನು ಓದಿದ್ದು ಭೌತಶಾಸ್ತ್ರ. ಐರನ್ ಹಿಡಿದದ್ದು ಬೇರೇನೂ ತೋಚದೆ.

೩
ಗಂಡ ಸತ್ತವಳು ಮನೆಯೊಳಗೇ ಕಳೆಯಬೇಕಾದ ಇದ್ದತ್‌ನ ನಾಲ್ಕು ತಿಂಗಳು ಹತ್ತು ದಿನ ನಾಳೆಗೆ ಮುಗಿಯುತ್ತದೆ. ನಾಳೆಯೇ ಮೇಜು ಕೊಳ್ಳುವವನು ಬರುತ್ತಾನೆ.

“ಅವನು ಬರೋದ್ರೊಳಗೆ ಆ ಪೆಟ್ಟಿಗೆ ನಡೆಸಿ ತೋರ್ಸು. ಮೇಜೂ ನಿಂದೇ, ಕೆಲಸಾನೂ ನಿಂದೇ,” ಎಂದಿದ್ದಾರೆ ಅತ್ತೆ ಬಹೀಜಾ.

ಸೋಮವಾರ ಮಧ್ಯಾಹ್ನದ ನಮಾಜ್ ಮುಗಿಸಿ ಬಂದರೆ ಹಳದಿ ತಂತಿಗಳಿಗೆ ಬೆಸುಗೆ ಬಿದ್ದಿತ್ತು. ಮಂಗಳವಾರ ಕೆಂಪು. ನಿನ್ನೆ ಕಿತ್ತಳೆ. ಎಲ್ಲವೂ ಎಡಕ್ಕೆ ಹೊಸೆದದ್ದು. ಯಾರುಬ್ ಎಡಚ. ನಾನೂ ಅತ್ತೆಯೂ ಬಲಗೈಯವರು. ಆ ಹೊತ್ತಿನಲ್ಲಿ ನಮ್ಮ ಬೀದಿಗೆ ಕರೆಂಟೇ ಇರುವುದಿಲ್ಲ. ಐರನ್ ಬಿಸಿಯಿತ್ತು.

“ಅತ್ತೆ, ಯಾರಾದ್ರೂ ಬಂದಿದ್ರಾ?”

“ಬಾಗಿಲಲ್ಲೇ ಬೆಂಡೆಕಾಯಿ ಹೆಚ್ತಾ ಕೂತಿದ್ದೆ. ನನ್ನ ದಾಟಿ ಯಾರು ಬರ್ತಾರೆ?” ಚಾಕು ಒರೆಸುತ್ತಾ, “ಹೊರಗಿಂದ ಬರೋರಾದ್ರೆ,” ಎಂದರು.

(ಇಷ್ಟನ್ನು ಅತ್ತೆಗೆ ಓದಿ ಹೇಳಿದೆ. “ಬೆಂಡೆಕಾಯಿ ಅಲ್ಲ ಕಣೇ, ಬದನೆಕಾಯಿ. ಸುಳ್ಳೇ ಬರಿಯೋದಾದ್ರೆ ನನ್ನ ಮಂಡಿನೋವನ್ನಾದ್ರೂ ವಾಸಿ ಮಾಡು.”)

೪
ಈ ಕಥೆಗೆ ಕೆಲವು ಕೊನೆಗಳು.

ಅತ್ತೆಯೇ ಮಾಡಿದರು. ಎಡಗೈಯಲ್ಲಿ ತಿನ್ನಬೇಡ ಎಂದು ಮಗನನ್ನು ಗದರಿ ಬೆಳೆಸಿದವರು ಆ ಕೈಯನ್ನು ಮರೆತಿಲ್ಲ. (“ಸೂಜಿಗೆ ದಾರ ಪೋಣಿಸೋಕೆ ನಿನ್ನ ಕರೀತೀನಿ. ನಾನು ಬೆಸುಗೆ ಹಾಕ್ತೀನಾ?”)

ಅಥವಾ, ನನಗೇ ತಿಳಿಯದಂತೆ ನಾನೇ ಮಾಡಿದೆ. ಬೆರಳಲ್ಲಿ ಸುಟ್ಟ ಗಾಯವಿದೆ. (ಇದು ನಿಮಗೆ ಹಿಡಿಸುತ್ತದೆ. ನನಗೂ ಹಿಡಿಸುತ್ತಿತ್ತು, ಗಾಯ ನೋಯುತ್ತಿದ್ದರೆ.)

ಮೂರನೆಯದನ್ನು ಬರೆಯುವುದಿಲ್ಲ.

೫
ಉಳಿದಿರುವುದು ಹಸಿರು. ಅದನ್ನು ಕಪ್ಪು ತಂತಿಗೆ ಸೇರಿಸಿದರೆ ಸಂಜೆ ಬೀದಿಯ ಜನರೇಟರ್ ಲೈನು ಬಂದಾಗ ಪೆಟ್ಟಿಗೆಯ ಫ್ಯಾನ್ ತಿರುಗುತ್ತದೆ, ಮೇಜು ನನಗೆ ಉಳಿಯುತ್ತದೆ. ಆದರೆ ಕೆಲಸ ಮುಗಿದ ಮೇಲೆ ಯಾರುಬ್ ಯಾಕೆ ಬರುತ್ತಾನೆ?

ಈಗ ಮಧ್ಯಾಹ್ನದ ಆಜಾನ್ ಆಯಿತು. ನಾನು ಎದ್ದಿಲ್ಲ. ಪೆಟ್ಟಿಗೆ ಮಡಿಲಲ್ಲಿದೆ, ಹಸಿರು ತಂತಿಯ ತುದಿ ಮುಷ್ಟಿಯಲ್ಲಿ.

“ನಮಾಜಿಗೆ ಏಳಲ್ವಾ?” ಅಡುಗೆಮನೆಯಿಂದ ಅತ್ತೆ.

“ಸ್ವಲ್ಪ ಹೊತ್ತು, ಅತ್ತೆ.”

“ಒಣನಿಂಬೆ ಟೀ ಇಡ್ತಿದೀನಿ. ಲೋಟ ಎರಡಾ, ಮೂರಾ?”

ಏನು ಹೇಳಿದೆನೆಂದು ನನ್ನನ್ನು ಕೇಳಬೇಡಿ. ಬಲಗೈ ತಂತಿಯನ್ನು ಬಿಟ್ಟಿಲ್ಲ. ಇದನ್ನು ಬರೆಯುತ್ತಿರುವುದು ಎಡಗೈ. ಅಕ್ಷರ ಒಂದೂ ಸೊಟ್ಟಗಿಲ್ಲ